ಕ್ಯೂ ತುಂಬಿದಾಗ ಕಾಯುವವರು ಯಾರು?

ಲಿನಕ್ಸ್ ಇರುವ ಯಾವುದಾದರೂ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು 'ಐಪಿಸಿಎಸ್ -ಎಲ್' ಎಂಬ ಆಜ್ಞೆ ಕೊಟ್ಟು ನೋಡಿ. ತೆರೆಯ ಮೇಲೆ ಮೂಡುವ ಹತ್ತಾರು ಸಾಲುಗಳ ನಡುವೆ ಮೂರು ಸಂಖ್ಯೆಗಳು ಸಿಗುತ್ತವೆ: 32000, 8192, 16384. ಇಡೀ ಯಂತ್ರದಲ್ಲಿ ಎಷ್ಟು ಮೆಸೇಜ್ ಕ್ಯೂಗಳಿರಬಹುದು, ಒಂದು ಸಂದೇಶ ಎಷ್ಟು ಬೈಟ್ ಉದ್ದವಿರಬಹುದು, ಒಂದು ಕ್ಯೂ ಒಟ್ಟು ಎಷ್ಟು ಬೈಟ್ ಹಿಡಿಯಬಹುದು ಎಂಬುದರ ಮಿತಿಗಳಿವು. ಯಾರೂ ಕೈ ಹಾಕದ ಯಂತ್ರದಲ್ಲಿ ಇವು ಹೀಗೆಯೇ ಇರುತ್ತವೆ. ಮೂರನೆಯದನ್ನು ಸ್ವಲ್ಪ ಗಮನಿಸಿ. 16384 ಬೈಟ್ ಎಂದರೆ ಹದಿನಾರು ಕಿಲೋಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ, ನೀವೀಗ ಓದುತ್ತಿರುವ ಈ ಲೇಖನವೇ ಆ ಕ್ಯೂನಲ್ಲಿ ಹಿಡಿಯುವುದಿಲ್ಲ. ಗಿಗಾಬೈಟುಗಳ ಲೆಕ್ಕದಲ್ಲಿ ಮೆಮೊರಿ ಕೊಳ್ಳುವ ಕಾಲದಲ್ಲಿ ಈ ಜಿಪುಣತನ ಯಾಕೆ?

ಒಂದು ಪ್ರೋಗ್ರಾಂನ ಮೆಮೊರಿಯನ್ನು ಇನ್ನೊಂದು ಮುಟ್ಟದಂತೆ ಕಾಯುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನ ಕೆಲಸ. ಆದರೂ ಪ್ರೋಗ್ರಾಂಗಳು ಪರಸ್ಪರ ಮಾತಾಡಲೇಬೇಕಾಗುತ್ತದೆ. ಆರ್ಡರ್ ತೆಗೆದುಕೊಳ್ಳುವ ಪ್ರೋಗ್ರಾಂ ಒಂದು, ಲೆಕ್ಕ ಬರೆಯುವುದು ಇನ್ನೊಂದು, ರಸೀದಿ ಮುದ್ರಿಸುವುದು ಮತ್ತೊಂದು. ಇವುಗಳ ಮಾತಿಗೆ ಕರ್ನೆಲ್ ಕೊಡುವ ಹಲವು ದಾರಿಗಳಲ್ಲಿ ಮೆಸೇಜ್ ಕ್ಯೂ ಒಂದು. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಸಾಲಾಗಿಟ್ಟು ಸಂತೆಗೆ ಹೋಗುತ್ತೇವಲ್ಲ, ಹಾಗೆ. ಇಟ್ಟವರು ಅಲ್ಲೇ ನಿಂತಿರಬೇಕಿಲ್ಲ, ಬೀಸುವವನು ಅವರ ಮುಖ ನೋಡಬೇಕಿಲ್ಲ. ಇಟ್ಟವರು ಊರು ಬಿಟ್ಟುಹೋದರೂ ಡಬ್ಬಿ ಅಲ್ಲೇ ಕೂತಿರುತ್ತದೆ. ಜಾಗ ಮಾತ್ರ ಗಿರಣಿಯವನದು.

ಜಿಪುಣತನಕ್ಕೆ ಕಾರಣ ಆ ಜಾಗ. ಕ್ಯೂನಲ್ಲಿ ಕೂತ ಸಂದೇಶ ಕಳಿಸಿದವರ ಮೆಮೊರಿಯಲ್ಲೂ ಇಲ್ಲ, ಪಡೆಯಬೇಕಾದವರ ಮೆಮೊರಿಯಲ್ಲೂ ಇಲ್ಲ. ಅದು ಕರ್ನೆಲ್‌ನ ಸ್ವಂತ ಮೆಮೊರಿಯಲ್ಲಿರುತ್ತದೆ. ಸಾಮಾನ್ಯ ಪ್ರೋಗ್ರಾಂನ ಮೆಮೊರಿ ಸಾಲದೇ ಹೋದರೆ ಅದರಲ್ಲೊಂದಿಷ್ಟನ್ನು ಡಿಸ್ಕಿಗೆ ಸ್ವಾಪ್ ಮಾಡಿ ಜಾಗ ಬಿಡಿಸಿಕೊಳ್ಳಬಹುದು. ಕರ್ನೆಲ್ ತನಗಾಗಿ ಹಿಡಿದಿಟ್ಟ ಮೆಮೊರಿಯನ್ನು ಲಿನಕ್ಸ್ ಹೀಗೆ ಡಿಸ್ಕಿಗೆ ತಳ್ಳುವುದಿಲ್ಲ. ಓದುವವರಿಲ್ಲದ ಸಂದೇಶವೊಂದು ರ‍್ಯಾಮ್‌ನಲ್ಲಿ ಬೀಡುಬಿಟ್ಟರೆ, ಯಾರಾದರೂ ಓದುವವರೆಗೆ, ಅಳಿಸುವವರೆಗೆ, ಇಲ್ಲವೇ ಯಂತ್ರ ರೀಬೂಟ್ ಆಗುವವರೆಗೆ ಅಲ್ಲೇ ಇರುತ್ತದೆ. 32000 ಕ್ಯೂಗಳೂ 16384 ಬೈಟುಗಳಿಂದ ತುಂಬಿದವು ಎನ್ನಿ: ಗುಣಿಸಿದರೆ 52 ಕೋಟಿ ಬೈಟುಗಳಿಗೂ ಹೆಚ್ಚು, ಅಂದರೆ ಸುಮಾರು ಅರ್ಧ ಗಿಗಾಬೈಟ್. ಅದನ್ನು ತುಂಬಿಸಲು ರೂಟ್ ಅಧಿಕಾರವೇನೂ ಬೇಡ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಣ್ಣ ನಿಯಮವಿದೆ. ಸಂದೇಶದ ಉದ್ದ ಸೊನ್ನೆ ಬೈಟ್ ಆಗಿರಲು ಅನುಮತಿಯಿದೆ. ವಿಷಯವಿಲ್ಲ, 'ಬಂದೆ' ಎಂಬ ಸುಳಿವು ಮಾತ್ರ. ಬೈಟುಗಳನ್ನಷ್ಟೇ ಎಣಿಸುವ ಕಾವಲುಗಾರನ ಕಣ್ಣಿಗೆ ಇಂಥ ಕೋಟಿ ಸಂದೇಶ ಬಂದರೂ ಕ್ಯೂ ಖಾಲಿಯೇ. ಆದರೆ ವಿಷಯ ಸೊನ್ನೆಯಾದರೂ ಹೊದಿಕೆ ಸೊನ್ನೆಯಲ್ಲ. ಪ್ರತಿ ಸಂದೇಶಕ್ಕೂ ಅದರ ಬಗೆ, ಉದ್ದ, ಮುಂದಿನದರ ವಿಳಾಸ ಎಂದು ಕರ್ನೆಲ್ ಹತ್ತಾರು ಬೈಟ್ ಖರ್ಚು ಮಾಡುತ್ತದೆ. ಹಾಗಾಗಿ ಲಿನಕ್ಸ್ ಸದ್ದಿಲ್ಲದೆ ಇನ್ನೊಂದು ತಪಾಸಣೆ ಇಟ್ಟುಕೊಂಡಿದೆ: ಕ್ಯೂನಲ್ಲಿರುವ ಸಂದೇಶಗಳ ಎಣಿಕೆ ಕೂಡ ಆ ಬೈಟ್ ಮಿತಿಯನ್ನು ದಾಟಕೂಡದು. 16384 ಬೈಟ್ ಮಿತಿಯಿದ್ದರೆ ಖಾಲಿ ಸಂದೇಶಗಳೂ 16384ಕ್ಕೆ ನಿಲ್ಲಬೇಕು. ಬೈಟನ್ನೂ ಎಣಿಕೆಯನ್ನೂ ಒಂದೇ ಅಂಕಿಯಿಂದ ಅಳೆಯುವುದು ತರ್ಕಕ್ಕೆ ಒಗ್ಗದ ಮಾತು, ಆದರೂ ಕೆಲಸ ನಡೆಯುತ್ತದೆ.

ಈ ಕ್ಯೂಗಳ ತವರು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್. ಬೆಲ್ ಲ್ಯಾಬ್ಸ್‌ನ ಅಲ್ಲಿನ ಶಾಖೆಯಲ್ಲಿ 1970ರ ದಶಕದಲ್ಲಿ ಯುನಿಕ್ಸ್‌ನ ಒಂದು ಕವಲು ಬೆಳೆಯಿತು. ಟೆಲಿಫೋನ್ ಕಂಪನಿಯ ಒಳಗಿನ ದಾಖಲೆ ಮತ್ತು ವಹಿವಾಟಿನ ಕೆಲಸಕ್ಕೆ ಬೇಕೆಂದು ಅಲ್ಲಿನವರು ಮೆಸೇಜ್ ಕ್ಯೂ, ಸೆಮಾಫೋರ್, ಹಂಚಿಕೆಯ ಮೆಮೊರಿ ಇವನ್ನೆಲ್ಲ ಸೇರಿಸಿದರು. 1983ರ ಸಿಸ್ಟಮ್ ಫೈವ್ ಯುನಿಕ್ಸ್ ಮೂಲಕ ಇವು ಲೋಕಕ್ಕೆ ಬಂದವು. ಅದಕ್ಕೇ ಇಂದಿಗೂ ಸಿಸ್ಟಮ್ ಫೈವ್ ಕ್ಯೂ ಎಂಬ ಹೆಸರು. ಸಾಲಿನಲ್ಲಿ ಕಾಯುವುದರ ಗಣಿತ ಹುಟ್ಟಿದ್ದೂ ಟೆಲಿಫೋನ್ ಕಂಪನಿಯೊಂದರಲ್ಲೇ ಎಂಬುದು ಒಂದು ಸೊಗಸು: 1909ರಲ್ಲಿ ಆ ಬಗ್ಗೆ ಮೊದಲ ಪ್ರಬಂಧ ಬರೆದ ಆಗ್ನರ್ ಎರ್ಲಾಂಗ್, ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ನೌಕರ.

ಕೊಲಂಬಸ್‌ನವರ ಕಾಲದ ಪಿಡಿಪಿ-11 ಯಂತ್ರದಲ್ಲಿ 16 ಬಿಟ್‌ನ ವಿಳಾಸ ಒಂದು ಸಲಕ್ಕೆ ಮುಟ್ಟಬಹುದಾದದ್ದು 64 ಕಿಲೋಬೈಟ್ ಮಾತ್ರ. ಅಂಥಲ್ಲಿ ಬೇಕೆಂದಾಗ ಮೆಮೊರಿ ಕೇಳಿ ಪಡೆಯುವ ಸುಖವಿಲ್ಲ. ಕರ್ನೆಲ್ ಕಂಪೈಲ್ ಮಾಡುವಾಗಲೇ ಇಂತಿಷ್ಟು ಕ್ಯೂ, ಇಂತಿಷ್ಟು ಸಂದೇಶ ಎಂದು ಪಟ್ಟಿ ಕೊರೆದಿಡಬೇಕಿತ್ತು. ಆ ರೂಢಿಯ ಗುರುತು ಫ್ರೀಬಿಎಸ್‌ಡಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ಹುಟ್ಟು ಮಿತಿಗಳಲ್ಲಿ ಕ್ಯೂಗಳು 40, ಒಂದೊಂದಕ್ಕೆ 2048 ಬೈಟ್. ಸಂದೇಶಗಳನ್ನು 8 ಬೈಟಿನ ತುಣುಕುಗಳಾಗಿ ಕತ್ತರಿಸಿ ಇಡಲು ಇಡೀ ಯಂತ್ರಕ್ಕೆ 2048 ತುಣುಕು. ಗುಣಿಸಿ ನೋಡಿ, ಎಲ್ಲ ಕ್ಯೂಗಳೂ ಸೇರಿ ಹದಿನಾರು ಕಿಲೋಬೈಟ್. ಹಳೆಯ ಸೊಲಾರಿಸ್‌ನಲ್ಲಿ ಈ ಅಂಕಿ ಬದಲಿಸಲು 'ಇಟಿಸಿ' ಕೋಶದ 'ಸಿಸ್ಟಮ್' ಫೈಲ್ ತಿದ್ದಿ ಯಂತ್ರವನ್ನೇ ರೀಬೂಟ್ ಮಾಡಬೇಕಿತ್ತು. 2005ರಲ್ಲಿ ಬಂದ ಸೊಲಾರಿಸ್ 10, ಮಿತಿಗಳನ್ನು ಇಡೀ ಯಂತ್ರಕ್ಕೆ ಕಟ್ಟುವುದನ್ನು ಬಿಟ್ಟು ಒಂದೊಂದು ಪ್ರಾಜೆಕ್ಟ್‌ಗೆ, ಒಂದೊಂದು ಪ್ರೊಸೆಸ್‌ಗೆ ಕಟ್ಟುವ ಪದ್ಧತಿಗೆ ಬದಲಾಯಿತು. ಒಂದು ಕ್ಯೂಗೆ 65536 ಬೈಟ್ ಎಂದು ಉದಾರವಾಗಿಯೂ ಕೊಟ್ಟಿತು. ಇದು ವಿವೇಕದ ದಾರಿ ಎಂದು ನನ್ನ ಎಣಿಕೆ.

ಲಿನಕ್ಸ್‌ನಲ್ಲಿ ಬಹುಕಾಲ ಕ್ಯೂಗಳ ಸಂಖ್ಯೆ ಬರೇ 16. 2008ರ 2.6.27 ಆವೃತ್ತಿ ಅದನ್ನು ಮೆಮೊರಿಯ ಗಾತ್ರಕ್ಕೆ ತಕ್ಕಂತೆ ತಾನೇ ಲೆಕ್ಕ ಹಾಕುವಂತೆ ಮಾಡಿತು. 3.19 ಆವೃತ್ತಿ ಆ ಲೆಕ್ಕಾಚಾರವನ್ನೇ ಕಿತ್ತುಹಾಕಿ ನೇರ 32000 ಎಂದು ಬರೆಯಿತು. ಖಾಲಿ ಕ್ಯೂ ಹೆಚ್ಚು ಜಾಗ ತಿನ್ನುವುದಿಲ್ಲ, ಅದಕ್ಕೇಕೆ ಅಷ್ಟು ಲೆಕ್ಕಾಚಾರ ಎಂಬ ವಾದದಲ್ಲಿ ಹುರುಳಿದೆ. ಒಂದೊಂದು ಕ್ಯೂನ ಹದಿನಾರು ಕಿಲೋಬೈಟ್ ಮಾತ್ರ ಅಲುಗಲಿಲ್ಲ.

ಕರ್ನೆಲ್ ಅಲುಗದಿದ್ದರೆ ಏನಾಯಿತು, ಮಾರುವವರು ಅಲುಗಿಸಿದರು. ಐಬಿಎಂನ ಡಿಬಿ2 ಡೇಟಾಬೇಸ್‌ನ ಕೈಪಿಡಿ, ಸಂದೇಶದ ಮಿತಿಯನ್ನೂ ಕ್ಯೂನ ಮಿತಿಯನ್ನೂ 65536ಕ್ಕೆ ಏರಿಸಿ ಎನ್ನುತ್ತದೆ. ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 5 ಮತ್ತು 6ನೇ ಆವೃತ್ತಿಗಳಲ್ಲಿ ಇದೇ ಅಂಕಿಯನ್ನು ಮೊದಲೇ ಬರೆದು ಕೊಡುತ್ತಿತ್ತು. ಆ ಸಾಲಿನ ಮೇಲಿದ್ದ ಇಂಗ್ಲಿಷ್ ಟಿಪ್ಪಣಿಯಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದು, ಸಾವಿರಾರು ಸರ್ವರ್‌ಗಳಿಗೆ ಹಾಗೆಯೇ ನಕಲಾಗಿ ಹೋದವು. ಯಾರೂ ಓದದೆ ನಕಲು ಮಾಡಿದ್ದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಸಿಸ್ಟಮ್ ಅಡ್ಮಿನ್‌ಗಳನ್ನು ಈ 65536 ಎಲ್ಲಿಂದ ಬಂತು ಎಂದು ಕೇಳಿದರೆ ಇನ್‌ಸ್ಟಾಲೇಶನ್ ಕೈಪಿಡಿಯಲ್ಲಿತ್ತು ಎಂದಾರು; ಹೆಚ್ಚು ಕೆದಕಿದರೆ ಹಿಂದಿನವರು ಇಟ್ಟಿದ್ದು ಎಂದಾರು.

ಬದಲಿಸುವುದು ಈಗ ಸುಲಭ. 'ಸಿಸ್‌ಸಿಟಿಎಲ್' ಎಂಬ ಆಜ್ಞೆಗೆ ಮಿತಿಯ ಹೆಸರು ಮತ್ತು ಹೊಸ ಅಂಕಿ ಕೊಟ್ಟರೆ ಆ ಕ್ಷಣವೇ ಜಾರಿ. ರೀಬೂಟ್ ಆದಮೇಲೂ ಉಳಿಯಬೇಕೆಂದರೆ ಅದರ ಸಂರಚನಾ ಫೈಲಿನಲ್ಲಿ ಒಂದು ಸಾಲು ಬರೆದಿಡಬೇಕು. ಮಿತಿಗಳ ಹೆಸರು ಎಂಎಸ್‌ಜಿಮ್ಯಾಕ್ಸ್ (ಒಂದು ಸಂದೇಶ), ಎಂಎಸ್‌ಜಿಎಂಎನ್‌ಬಿ (ಒಂದು ಕ್ಯೂ), ಎಂಎಸ್‌ಜಿಎಂಎನ್‌ಐ (ಕ್ಯೂಗಳ ಸಂಖ್ಯೆ). ಸುಲಭ ಎಂದೆನೇ ಹೊರತು ಸರಳ ಎನ್ನಲಿಲ್ಲ. ಕ್ಯೂ ಹುಟ್ಟುವಾಗಲಷ್ಟೇ ಎಂಎಸ್‌ಜಿಎಂಎನ್‌ಬಿಯನ್ನು ನೋಡಿ ತನ್ನ ಮಿತಿಯನ್ನು ಬರೆದುಕೊಳ್ಳುತ್ತದೆ. ಆಮೇಲೆ ನೀವು ಅಂಕಿಯನ್ನು ನಾಲ್ಕು ಪಟ್ಟು ಏರಿಸಿದರೂ ಈಗಾಗಲೇ ಇರುವ ಕ್ಯೂಗೆ ಅದು ಗೊತ್ತೇ ಆಗುವುದಿಲ್ಲ. ತುಂಬಿ ತುಳುಕುತ್ತಿರುವುದು ಆ ಹಳೆಯ ಕ್ಯೂ. ಅಂಕಿ ಬದಲಿಸಿದ ಅಡ್ಮಿನ್ ಏನೂ ಸುಧಾರಿಸಲಿಲ್ಲವಲ್ಲ ಎಂದು ಇನ್ನೂ ಏರಿಸುತ್ತಾರೆ. ಆ ಕ್ಯೂವನ್ನು ಅಳಿಸಿ ಮತ್ತೆ ಹುಟ್ಟಿಸಬೇಕು, ಇಲ್ಲವೇ 'ಎಂಎಸ್‌ಜಿಸಿಟಿಎಲ್' ಎಂಬ ಕರೆಯಿಂದ ಅದೊಂದರ ಮಿತಿಯನ್ನೇ ತಿದ್ದಬೇಕು.

ಎರಡನೆಯ ಬಲೆ ಇನ್ನೂ ಕೆಟ್ಟದ್ದು. ದೊಡ್ಡ ಸಂದೇಶ ಕಳಿಸಬೇಕೆಂದು ಎಂಎಸ್‌ಜಿಮ್ಯಾಕ್ಸ್ ಒಂದನ್ನೇ 65536ಕ್ಕೆ ಏರಿಸಿ, ಕ್ಯೂನ ಮಿತಿಯನ್ನು 16384ರಲ್ಲೇ ಬಿಟ್ಟಿರಿ ಎನ್ನಿ. ಈಗ 20000 ಬೈಟಿನ ಸಂದೇಶ ಕಳಿಸಿದರೆ ಲಿನಕ್ಸ್ ತಪ್ಪು ಎನ್ನುವುದಿಲ್ಲ. ಸಂದೇಶದ ಉದ್ದ ಮಿತಿಯೊಳಗಿದೆ, ಸರಿ. ಕ್ಯೂನಲ್ಲಿ ಜಾಗವಿದೆಯೇ, ಇಲ್ಲ. ಜಾಗ ಆಗುವವರೆಗೆ ಮಲಗಿರು. ಪೂರ್ತಿ ಖಾಲಿಯಿರುವ ಕ್ಯೂನ ಎದುರು ಆ ಪ್ರೋಗ್ರಾಂ ಎಂದೂ ಆಗದ ಜಾಗಕ್ಕಾಗಿ ಕಾಯುತ್ತ ಕೂರುತ್ತದೆ.

ಕ್ಯೂ ತುಂಬಿದಾಗ ಏನಾಗುತ್ತದೆ ಎಂಬುದಕ್ಕೆ ಎರಡೇ ಉತ್ತರ. ಕಳಿಸುವವರು 'ಕಾಯುವುದಿಲ್ಲ' ಎಂಬ ಗುರುತು ಹಾಕಿದ್ದರೆ 'ಆಮೇಲೆ ಬಾ' ಎಂಬ ದೋಷಸಂಕೇತ ಕೈಗೆ ಬರುತ್ತದೆ. ಗುರುತಿಲ್ಲದಿದ್ದರೆ ಕರ್ನೆಲ್ ಅವರನ್ನು ನಿದ್ದೆಗೆ ಕಳಿಸುತ್ತದೆ. ಅಲ್ಲಿಗೆ ಮಿತಿ ಎಂಬುದು ಮೆಮೊರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹೊರೆ ಬಿದ್ದಾಗ ಯಾರನ್ನು ಕಾಯಿಸಬೇಕು ಎಂಬ ತೀರ್ಮಾನವಾಗುತ್ತದೆ. ಚಿಕ್ಕ ಮಿತಿಯಾದರೆ ಕಳಿಸುವವರು ಬೇಗ ನಿಲ್ಲುತ್ತಾರೆ, ತೊಂದರೆ ಇದೆಯೆಂದು ಬೇಗ ತಿಳಿಯುತ್ತದೆ. ದೊಡ್ಡ ಮಿತಿಯಾದರೆ ಕಳಿಸುವವರು ಹಾಯಾಗಿರುತ್ತಾರೆ, ಸಂದೇಶ ಒಳಗೆ ಹಳಸುತ್ತದೆ.

ಲೆಕ್ಕ ಹಾಕೋಣ. ಒಂದು ಸಂದೇಶ 200 ಬೈಟ್, ಓದುವ ಪ್ರೋಗ್ರಾಂ ಒಂದನ್ನು ಮುಗಿಸಲು 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನಿ. 16384 ಬೈಟಿನ ಕ್ಯೂನಲ್ಲಿ 81 ಸಂದೇಶ ಹಿಡಿಯುತ್ತವೆ. ತುಂಬಿದ ಕ್ಯೂನ ತುದಿಯಲ್ಲಿ ನಿಂತ ಸಂದೇಶದ ಸರದಿ ಸುಮಾರು 0.4 ಸೆಕೆಂಡಿಗೆ ಬರುತ್ತದೆ. 65536ಕ್ಕೆ ಏರಿಸಿದರೆ 327 ಸಂದೇಶ, 1.6 ಸೆಕೆಂಡ್. ಒಂದು ಮೆಗಾಬೈಟ್ ಮಾಡಿದರೆ 5242 ಸಂದೇಶ, 26 ಸೆಕೆಂಡ್. ಕೇಳಿದ ಗ್ರಾಹಕ ಹತ್ತು ಸೆಕೆಂಡ್ ಕಾದು ಕೈಬಿಟ್ಟು, ಮತ್ತೆ ಅದೇ ಕೋರಿಕೆ ಕಳಿಸಿರುತ್ತಾನೆ. ಸರ್ವರ್ ಇಲ್ಲಿ ಬೆವರು ಸುರಿಸಿ ದುಡಿಯುತ್ತಿರುವುದು ಯಾರಿಗೂ ಬೇಡವಾದ ಉತ್ತರಗಳಿಗಾಗಿ. ಸಾಲಿನ ಉದ್ದ, ಬರುವ ವೇಗ, ಕಾಯುವ ಸಮಯ ಈ ಮೂರನ್ನು ಕಟ್ಟಿಹಾಕುವ ನಿಯಮವನ್ನು 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದರು: ಸಾಲಿನ ಸರಾಸರಿ ಉದ್ದ ಎಂದರೆ ಬರುವ ವೇಗವನ್ನು ಸರಾಸರಿ ಕಾಯುವ ಸಮಯದಿಂದ ಗುಣಿಸಿದಷ್ಟು. ಬರುವ ವೇಗ ಮುಗಿಸುವ ವೇಗವನ್ನು ಸದಾ ಮೀರುತ್ತಿದ್ದರೆ ಯಾವ ಮಿತಿಯೂ ಸಾಲದು.

ಹಾಗೆಂದು ಏರಿಸುವುದೇ ತಪ್ಪು ಎನ್ನಲಾರೆ. ಸಂದೇಶಗಳು ಹನಿಹನಿಯಾಗಿ ಬರದೆ ದಬದಬನೆ ಬರುವುದುಂಟು. ನಿಮಿಷಕ್ಕೊಮ್ಮೆ ಒಂದೇ ಏಟಿಗೆ 300 ಸಂದೇಶ ಬಂದು, ಉಳಿದ ಹೊತ್ತು ಏನೂ ಇಲ್ಲ ಎನ್ನಿ. 60000 ಬೈಟ್ ಜಾಗ ಬೇಕು, ಒಂದೂವರೆ ಸೆಕೆಂಡಿನಲ್ಲಿ ಕ್ಯೂ ಮತ್ತೆ ಖಾಲಿ. ಇಲ್ಲಿ 65536 ಸರಿಯಾದ ಅಂಕಿ, ಅದನ್ನು ಆಯ್ದದ್ದಕ್ಕೆ ಕಾರಣವೂ ಇದೆ. ಇದನ್ನು ತಿಳಿಯಲು ದೊಡ್ಡ ಸಲಕರಣೆ ಬೇಡ. 'ಐಪಿಸಿಎಸ್ -ಕ್ಯೂ' ಆಜ್ಞೆ ಪ್ರತಿ ಕ್ಯೂನಲ್ಲಿ ಈಗ ಎಷ್ಟು ಬೈಟ್, ಎಷ್ಟು ಸಂದೇಶ ಕೂತಿವೆ ಎಂದು ಹೇಳುತ್ತದೆ. ಆಗಾಗ ನೋಡಿದಾಗ ಅಂಕಿ ಏರಿ ಇಳಿಯುತ್ತಿದ್ದರೆ ಅದು ಏಟು. ಏರಿದ್ದು ಇಳಿಯದೇ ಇದ್ದರೆ ಓದುವವನ ಕಡೆ ತಿರುಗಿ ನೋಡಬೇಕು. ಎಷ್ಟೋ ಸಲ ಅವನು ಸತ್ತು ಬಹಳ ಹೊತ್ತಾಗಿರುತ್ತದೆ. ವಾರಸುದಾರರಿಲ್ಲದ ಇಂಥ ಕ್ಯೂಗಳನ್ನು 'ಐಪಿಸಿಆರ್‌ಎಂ' ಎಂಬ ಆಜ್ಞೆಯಿಂದ ಕೈಯಾರೆ ತೆಗೆಯಬೇಕು, ಕರ್ನೆಲ್ ತಾನಾಗಿ ತೆಗೆಯುವುದಿಲ್ಲ.

ಏರಿಸಿದ ಮಿತಿ ನಿಜವಾದ ರೋಗವನ್ನು ಮುಚ್ಚಿಡುವ ಒಂದು ಪ್ರಸಂಗ ಹೇಳಲೇಬೇಕು. ಸಿಸ್ಟಮ್ ಫೈವ್ ಕ್ಯೂನಲ್ಲಿ ಪ್ರತಿ ಸಂದೇಶಕ್ಕೂ ಒಂದು ಬಗೆಯ ಸಂಖ್ಯೆ ಇರುತ್ತದೆ. ತನಗೆ ಬೇಕಾದ ಬಗೆಯದನ್ನು ಮಾತ್ರ ಹೆಕ್ಕಿಕೊಳ್ಳಬಹುದು. ಈ ಅನುಕೂಲ ಕಂಡವರು ಕೋರಿಕೆಗೂ ಉತ್ತರಕ್ಕೂ ಒಂದೇ ಕ್ಯೂ ಸಾಕು ಎಂದುಕೊಳ್ಳುತ್ತಾರೆ. ಕೋರಿಕೆಗಳಿಗೆಲ್ಲ ಬಗೆ 1, ಉತ್ತರಕ್ಕೆ ಆಯಾ ಗ್ರಾಹಕನ ಪ್ರೊಸೆಸ್ ಸಂಖ್ಯೆ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಒಂದು ದಿನ ಹೊರೆ ಹೆಚ್ಚಿ ಕ್ಯೂ ಪೂರಾ ಕೋರಿಕೆಗಳಿಂದ ತುಂಬುತ್ತದೆ, ಇನ್ನಷ್ಟು ಗ್ರಾಹಕರು ಬಾಗಿಲಲ್ಲಿ ಮಲಗಿರುತ್ತಾರೆ. ಸರ್ವರ್ ಒಂದು ಕೋರಿಕೆ ಎತ್ತಿಕೊಳ್ಳುತ್ತದೆ. ತೆರವಾದ ಜಾಗಕ್ಕೆ ಬಾಗಿಲಲ್ಲಿದ್ದವನೊಬ್ಬ ನುಗ್ಗುತ್ತಾನೆ. ಸರ್ವರ್ ಉತ್ತರ ತಯಾರಿಸಿ ಅದೇ ಕ್ಯೂಗೆ ಹಾಕಲು ಹೋದರೆ ಜಾಗವಿಲ್ಲ, ಅದೂ ಮಲಗುತ್ತದೆ. ಜಾಗ ಮಾಡಬಲ್ಲದ್ದು ಆ ಸರ್ವರ್ ಒಂದೇ, ಈಗ ಅದೇ ನಿದ್ದೆಯಲ್ಲಿದೆ. ಗ್ರಾಹಕರೆಲ್ಲ ಉತ್ತರಕ್ಕೆ ಕಾಯುತ್ತಿದ್ದಾರೆ. ಸಿಪಿಯು ಆರಾಮಾಗಿದೆ, ಲಾಗ್‌ನಲ್ಲಿ ದೋಷದ ಸಾಲಿಲ್ಲ, ಏನೂ ನಡೆಯುತ್ತಿಲ್ಲ. ರಾತ್ರಿ ಪಾಳಿಯವರು ಎಲ್ಲವನ್ನೂ ಕೊಂದು ಮತ್ತೆ ಶುರು ಮಾಡಿ, ಮಿತಿಯನ್ನು ನಾಲ್ಕು ಪಟ್ಟು ಏರಿಸಿ ಮನೆಗೆ ಹೋಗುತ್ತಾರೆ. ಮುಂದಿನ ಸಲ ಹಾಗೆ ನಿಲ್ಲಲು ನಾಲ್ಕು ಪಟ್ಟು ಹೊರೆ ಬೇಕು, ಅಷ್ಟೇ. ಉತ್ತರಕ್ಕೆ ಬೇರೆ ಕ್ಯೂ ಇಟ್ಟಿದ್ದರೆ ಮೂಲ ಮಿತಿಯೇ ಸಾಕಿತ್ತು.

ಲಿನಕ್ಸ್‌ಗೆ 2004ರಲ್ಲಿ ಇನ್ನೊಂದು ಬಗೆಯ ಕ್ಯೂ ಸೇರಿತು, ಪಾಸಿಕ್ಸ್ ಕ್ಯೂ. ಇದರ ಲೆಕ್ಕದ ರೀತಿಯೇ ಬೇರೆ. ಒಂದು ಕ್ಯೂನಲ್ಲಿ ಎಷ್ಟು ಸಂದೇಶ, ಒಂದೊಂದು ಎಷ್ಟು ದೊಡ್ಡದು ಎಂದು ಹುಟ್ಟಿಸುವಾಗಲೇ ಹೇಳಬೇಕು. ಹೇಳದಿದ್ದರೆ 10 ಸಂದೇಶ, ತಲಾ 8192 ಬೈಟ್. ಒಂದೂ ಸಂದೇಶ ಬರುವ ಮೊದಲೇ ಪೂರ್ತಿ ಜಾಗವನ್ನು ಆ ಬಳಕೆದಾರರ ಖಾತೆಗೆ ಖರ್ಚು ಬರೆಯಲಾಗುತ್ತದೆ. ಒಬ್ಬರ ಖಾತೆಯ ಮಿತಿ 819200 ಬೈಟ್. ಭಾಗಿಸಿದರೆ ಸರಿಯಾಗಿ ಹತ್ತು ಕ್ಯೂ ಬರಬೇಕು. ಆದರೆ ಪ್ರತಿ ಕ್ಯೂನ ಮೇಲ್ಖರ್ಚೂ ಸೇರುವುದರಿಂದ ಒಂಬತ್ತೇ ಸಿಗುವುದು. ಹತ್ತನೆಯದನ್ನು ಕೇಳಿದರೆ 'ತುಂಬಾ ಫೈಲುಗಳು ತೆರೆದಿವೆ' ಎಂಬ ದಾರಿತಪ್ಪಿಸುವ ಉತ್ತರ ಬರುತ್ತದೆ. ಬಡಪಾಯಿ ಪ್ರೋಗ್ರಾಮರ್ ತೆರೆದ ಫೈಲು ಹುಡುಕುತ್ತ ಮಧ್ಯಾಹ್ನ ಕಳೆಯುತ್ತಾನೆ. ನೋಡಬೇಕಾದದ್ದು ಆ ಖಾತೆಯ ಮಿತಿ ತೋರಿಸುವ 'ಯುಲಿಮಿಟ್ -ಕ್ಯೂ' ಆಜ್ಞೆಯನ್ನು. ಕಿರಿಕಿರಿ ಹೌದು, ಆದರೂ ಎರಡರಲ್ಲಿ ನ್ಯಾಯವಾದದ್ದು ಇದೇ ಎನ್ನುತ್ತೇನೆ. ತಿಂದದ್ದು ಯಾರ ಲೆಕ್ಕಕ್ಕೆ ಎಂಬುದು ಇಲ್ಲಿ ಸ್ಪಷ್ಟ. ಸಿಸ್ಟಮ್ ಫೈವ್ ಕ್ಯೂನಲ್ಲಿ ಬಳಕೆದಾರರ ಖಾತೆ ಎಂಬುದೇ ಇಲ್ಲ.

ಕಂಟೇನರ್‌ಗಳು ಬಂದಮೇಲೆ ಇನ್ನೊಂದು ಗೋಜಲು. ಪ್ರತಿ ಕಂಟೇನರ್‌ಗೂ ಸಾಮಾನ್ಯವಾಗಿ ತನ್ನದೇ ಐಪಿಸಿ ನೇಮ್‌ಸ್ಪೇಸ್ (ಕ್ಯೂಗಳಂಥ ಮಾತಿನ ದಾರಿಗಳಿಗೆ ಪ್ರತ್ಯೇಕ ಆವರಣ) ಇರುತ್ತದೆ, ಮಿತಿಗಳೂ ಅದರದೇ. ಹೊಸ ನೇಮ್‌ಸ್ಪೇಸ್ ಹುಟ್ಟುವಾಗ ಹೊರಗಿನ ಯಂತ್ರದಲ್ಲಿ ನೀವು ಏರಿಸಿಟ್ಟ ಅಂಕಿಗಳು ಬಳುವಳಿಯಾಗಿ ಬರುವುದಿಲ್ಲ. ಕರ್ನೆಲ್‌ನಲ್ಲಿ ಕೊರೆದ ಹುಟ್ಟು ಮಿತಿಗಳೇ ಬರುತ್ತವೆ. ಡಾಕರ್‌ನಲ್ಲಿ ಕಂಟೇನರ್ ಶುರು ಮಾಡುವಾಗಲೇ ಅಂಕಿ ಹೇಳಬಹುದು. ಕುಬರ್ನೆಟೀಸ್ ಮಾತ್ರ ಈ ಮಿತಿಗಳನ್ನು 'ಅಸುರಕ್ಷಿತ' ಪಟ್ಟಿಯಲ್ಲಿಟ್ಟಿದೆ. ಆ ಯಂತ್ರವನ್ನು ನೋಡಿಕೊಳ್ಳುವವರು ಮೊದಲು ಒಪ್ಪಿಗೆ ಕೊಡಬೇಕು. ಒಂದೇ ರ‍್ಯಾಮ್ ಹಂಚಿಕೊಂಡ ಹಲವು ಕಂಟೇನರ್‌ಗಳು ತಲಾ ಅರ್ಧ ಗಿಗಾಬೈಟ್ ಕೇಳಬಲ್ಲವು ಎಂದಾಗ ಆ ಅನುಮಾನ ಅತಿಯೆನಿಸದು. ಈಚಿನ ಕರ್ನೆಲ್‌ಗಳು ಸಂದೇಶದ ಮೆಮೊರಿಯನ್ನು ಆಯಾ ಕಂಟೇನರ್‌ನ ಮೆಮೊರಿ ಲೆಕ್ಕಕ್ಕೇ ಸೇರಿಸುವುದರಿಂದ ಅಪಾಯ ತುಸು ಕಡಿಮೆಯಾಗಿದೆ.

ಬೇರೆ ಮನೆಗಳಲ್ಲಿ ಅಂಕಿ ಬೇರೆ. ವಿಂಡೋಸ್‌ನಲ್ಲಿ ಪರದೆಯ ಕಿಟಕಿಗಳಿಗೆ ಮೌಸ್, ಕೀಲಿಗಳ ಸುದ್ದಿ ಮುಟ್ಟಿಸುವ ಕ್ಯೂ ಒಂದರಲ್ಲಿ ಪ್ರೋಗ್ರಾಂಗಳು ಹಾಕಿಟ್ಟ 10000 ಸಂದೇಶ ಕೂರಬಹುದು. ಅದು ತುಂಬಿದರೆ ಕಳಿಸುವವರು ಕಾಯುವುದಿಲ್ಲ, ಕರೆ ಸೋಲುತ್ತದೆ. ಆಪಲ್‌ನ ಫೋನು, ಕಂಪ್ಯೂಟರುಗಳೊಳಗಿನ ಮಾಖ್ ಕರ್ನೆಲ್‌ನಲ್ಲಿ ಒಂದು ಪೋರ್ಟ್‌ಗೆ ಹುಟ್ಟು ಮಿತಿ ಐದೇ ಐದು ಸಂದೇಶ. ಐದು ಸಾಕೇ ಎನಿಸಬಹುದು. ಓದುವವರು ಚುರುಕಾಗಿದ್ದರೆ ಸಾಕು, ಇಲ್ಲದಿದ್ದರೆ ಕಳಿಸುವವರು ಕೂಡಲೇ ನಿಲ್ಲಲಿ ಎಂಬ ಧೋರಣೆ ಅದು.

ಐದನ್ನೂ ಹೆಚ್ಚೆಂದವರು ಜರ್ಮನಿಯ ಯೋಕೆನ್ ಲೀಡ್ಟ್ಕೆ. ಕರ್ನೆಲ್ ಮೂಲಕ ಸಂದೇಶ ಸಾಗಿಸುವುದು ನಿಧಾನ ಎಂಬ ದೂರಿಗೆ 1993ರ ಪ್ರಬಂಧದಲ್ಲಿ ಉತ್ತರ ಕೊಟ್ಟ ಅವರು, ಮುಂದೆ ಎಲ್4 ಎಂಬ ಪುಟ್ಟ ಕರ್ನೆಲ್ ಕಟ್ಟಿದರು. ಅದರಲ್ಲಿ ಸಂದೇಶಗಳ ಕ್ಯೂ ಇಲ್ಲವೇ ಇಲ್ಲ. ಕಳಿಸುವವರೂ ಪಡೆಯುವವರೂ ಇಬ್ಬರೂ ಸಿದ್ಧರಾದಾಗ ಮಾತ್ರ ವಿಷಯ ನೇರ ಕೈಯಿಂದ ಕೈಗೆ ಹೋಗುತ್ತದೆ; ನಡುವೆ ಕರ್ನೆಲ್ ಏನನ್ನೂ ಕಾಪಿಟ್ಟುಕೊಳ್ಳುವುದಿಲ್ಲ. ಇದೇ ವಂಶದ ಸೆಲ್4ನಲ್ಲಿ, ಕಾಯದೆ ಸುಳಿವು ಕೊಟ್ಟುಹೋಗಬೇಕಾದವರಿಗೆ ನೋಟಿಫಿಕೇಶನ್ ಎಂಬ ವ್ಯವಸ್ಥೆಯಿದೆ. ಅದು ಒಂದು ಮಷಿನ್ ವರ್ಡ್‌ನಷ್ಟು ಜಾಗ, ಅಷ್ಟೇ. ಬಂದ ಸುಳಿವಿನ ಬಿಟ್‌ಗಳು ಅದರಲ್ಲಿ ಹೊತ್ತಿಕೊಳ್ಳುತ್ತವೆ. ಅದೇ ಸುಳಿವು ಸಾವಿರ ಸಲ ಬಂದರೂ ಹೊತ್ತಿದ ಬಿಟ್ ಹೊತ್ತಿಯೇ ಇರುತ್ತದೆ. ಎಷ್ಟು ಸಲ ಬಂತು ಎಂಬ ಎಣಿಕೆ ಬೇಕಾದ ಪ್ರೋಗ್ರಾಂ ಅದನ್ನು ತನ್ನದೇ ಮೆಮೊರಿಯಲ್ಲಿ, ತನ್ನದೇ ಖರ್ಚಿನಲ್ಲಿ ಬರೆದಿಟ್ಟುಕೊಳ್ಳಬೇಕು.